ಕೇಳುವವರ ತಲೆಯ ಮೇಲಿನ ಋಣ

ಸಾಲ ಕೊಡುವ ಸಂಸ್ಥೆಗಳ ಪರವಾಗಿ ಮನೆಮನೆಗೆ ಹೋಗುವ ಸರ್ವೆಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. ‘ಮುಂದಿನ ಆರು ತಿಂಗಳಲ್ಲಿ ನಿಮ್ಮ ಮನೆಯವರು ಸಾಲ ತೆಗೆದುಕೊಳ್ಳುವ ಸಾಧ್ಯತೆ ಎಷ್ಟು?’ ಅದರ ಕೆಳಗೆ ಐದು ಉತ್ತರ: ಖಂಡಿತ ತೆಗೆದುಕೊಳ್ಳುತ್ತೇವೆ, ಬಹುಶಃ ತೆಗೆದುಕೊಳ್ಳುತ್ತೇವೆ, ಹೇಳಲಾಗದು, ಬಹುಶಃ ಇಲ್ಲ, ಖಂಡಿತ ಇಲ್ಲ. ಮನಸ್ಸಿನ ಒಲವನ್ನು ಹೀಗೆ ಐದು ಮೆಟ್ಟಿಲಿನಲ್ಲಿ ಅಳೆಯುವ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲಿ ಹಾಕಿಕೊಟ್ಟರು. ವರದಿ ಬರೆಯುವಾಗ ಮೊದಲಿನ ಎರಡು ಉತ್ತರ ಕೊಟ್ಟವರನ್ನು ಕೂಡಿಸುತ್ತಾರೆ. ಆ ಮೊತ್ತಕ್ಕೆ ‘ಬೇಡಿಕೆ’ ಎಂದು ಹೆಸರು.

ನಾನು ಮಾಗಡಿ ಸೀಮೆಯವಳು. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ, ಊರಿಗೆ ಮರಳಿ, ಜೀವನಕ್ಕೆಂದು ಸರ್ವೆ ಕೆಲಸ ಹಿಡಿದೆ. ಮೊದಲು ಕಾಗದದ ಫಾರಂ ಇತ್ತು, ಆಮೇಲೆ ಟ್ಯಾಬ್ ಬಂತು. ಮೊದಲು ನಾನೇ ಬಾಗಿಲು ತಟ್ಟುತ್ತಿದ್ದೆ, ಈಗ ತಟ್ಟುವ ಹುಡುಗ ಹುಡುಗಿಯರಿಗೆ ತರಬೇತಿ ಕೊಡುತ್ತೇನೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಕಾಲಿಡದ ಹೋಬಳಿ ಇಲ್ಲ. 2007ರಲ್ಲಿ ಇವನ್ನು ಬೆಂಗಳೂರು ಗ್ರಾಮಾಂತರದಿಂದ ಬೇರ್ಪಡಿಸಿ ರಾಮನಗರ ಜಿಲ್ಲೆ ಮಾಡಿದರು, 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹೆಸರು ಯಾವುದೇ ಇರಲಿ, ಜನ ಅದೇ ಜನ. ಈ ಕೆಲಸದ ಜೊತೆಗೇ ಒಂದು ಪ್ರಶ್ನೆ ನನ್ನೊಳಗೆ ಬೆಳೆದಿದೆ. ಅದು ಯಾವ ಫಾರಂನಲ್ಲೂ ಇಲ್ಲ. ಒಬ್ಬರ ಮನೆಯ ಕೊರತೆ ಏನೆಂದು ಅವರ ಬಾಯಿಂದಲೇ ಕೇಳಿ ತಿಳಿದು, ಅದೇ ಕೊರತೆಗೆ ಸಾಲವನ್ನು ಸರಕಿನ ಹಾಗೆ ಮಾರುವುದು ಧರ್ಮವೇ? ಧರ್ಮವೆನ್ನುವುದಾದರೆ ಯಾವ ಷರತ್ತಿನ ಮೇಲೆ?

ಶತಪಥ ಬ್ರಾಹ್ಮಣದಲ್ಲಿ ಒಂದು ಮಾತಿದೆ. ಮನುಷ್ಯ ಹುಟ್ಟುತ್ತಲೇ ಋಣಿ: ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ, ಕೊನೆಗೆ ಸಹಮನುಷ್ಯರಿಗೆ. ಮೊದಲಿನ ಮೂರು ಎಲ್ಲರಿಗೂ ಗೊತ್ತು. ಹರಿಕಥೆಯಲ್ಲಿ, ಮದುವೆಯ ಮಂತ್ರದಲ್ಲಿ, ತಿಥಿಯ ದಿನ ಅವು ಕಿವಿಗೆ ಬೀಳುತ್ತವೆ. ನಾಲ್ಕನೆಯದನ್ನು ಹೇಳುವವರು ಕಡಿಮೆ. ಮನೆಗೆ ಬಂದವರಿಗೆ ಇರಲು ಜಾಗ, ತಿನ್ನಲು ಅನ್ನ ಕೊಟ್ಟು ಆ ಋಣ ತೀರಿಸಬೇಕು ಎನ್ನುತ್ತದೆ ಆ ಗ್ರಂಥ. ನಮ್ಮ ಸೀಮೆಯ ಹೆಂಗಸರು ಅದನ್ನು ಓದಿಲ್ಲ, ಆದರೆ ನಡೆಸುತ್ತಾರೆ. ಬಿಸಿಲಲ್ಲಿ ಬಂದಿದ್ದೀಯ ಕೂತ್ಕೊ ಎಂದು ಚಾಪೆ ಹಾಕುತ್ತಾರೆ, ಮಜ್ಜಿಗೆ ಕೊಡುತ್ತಾರೆ, ಅವರೆಕಾಯಿ ಕಾಲದಲ್ಲಿ ಹೋದರೆ ಊಟ ಮಾಡಿಸದೆ ಬಿಡುವುದಿಲ್ಲ. ಇಷ್ಟಾದ ಮೇಲೆ ಮುಕ್ಕಾಲು ಗಂಟೆ ಕೂತು, ಗಂಡನಿಗೂ ಹೇಳದ ಸಾಲದ ಲೆಕ್ಕವನ್ನು ಅಪರಿಚಿತಳಿಗೆ ಹೇಳುತ್ತಾರೆ. ಒಡವೆ ಎಲ್ಲಿ ಅಡ ಇದೆ, ಚೀಟಿ ಯಾವಾಗ ಎತ್ತಿದ್ದು, ಅಣ್ಣನ ಹತ್ತಿರ ತಂದ ಕೈಸಾಲ ಎಷ್ಟು ಬಾಕಿ, ಎಲ್ಲವನ್ನೂ. ಅವರ ಪಾಲಿನ ನಾಲ್ಕನೆಯ ಋಣ ಅಲ್ಲಿಗೆ ತೀರಿತು. ಎದ್ದು ಬಂದವರ ತಲೆಯ ಮೇಲೆ ಆ ಕ್ಷಣದಿಂದ ಹೊಸದೊಂದು ಶುರುವಾಯಿತು.

ನಾನು ಹೇಳಬೇಕೆಂದಿರುವುದು ಇದನ್ನೇ. ಸಾಲದ ವ್ಯವಹಾರದಲ್ಲಿ ಮೊದಲು ಋಣಿಯಾಗುವುದು ಸಾಲ ತೆಗೆದುಕೊಂಡವರಲ್ಲ, ಪ್ರಶ್ನೆ ಕೇಳಿದವರು. ದುಡ್ಡು ಕೈ ಬದಲಿಸುವ ಮೊದಲೇ ಮಾತು ಕೈ ಬದಲಿಸಿರುತ್ತದೆ. ಆ ಮಾತಿಗೆ ಬಡ್ಡಿ ಇಲ್ಲ, ಕಂತಿಲ್ಲ, ರಸೀದಿ ಇಲ್ಲ. ಅದಕ್ಕೇ ಅದು ತೀರದೆ ಉಳಿಯುತ್ತದೆ.

ಹೇಗೆ ಕೇಳಬೇಕು ಎನ್ನುವುದನ್ನು ಭಗವದ್ಗೀತೆ ನಾಲ್ಕನೆಯ ಅಧ್ಯಾಯದಲ್ಲಿ ಹೇಳಿದೆ. ತಿಳಿದವರ ಹತ್ತಿರ ಹೋಗಿ ತಲೆಬಾಗಿ, ಪರಿಪ್ರಶ್ನೆ ಮಾಡಿ, ಸೇವೆ ಸಲ್ಲಿಸಿ ತಿಳಿದುಕೊ ಎಂದು. ಗೀತೆ ಹೇಳುತ್ತಿರುವುದು ತತ್ತ್ವ ಕಂಡವರ ವಿಷಯ ಎಂದು ಪಂಡಿತರು ತಕರಾರು ತೆಗೆದಾರು. ಆದರೆ ತನ್ನ ಮನೆಯ ಆದಾಯ, ಖರ್ಚು, ಭಯ, ಆಸೆಗಳ ವಿಷಯದಲ್ಲಿ ಆ ಮನೆಯಾಕೆಗಿಂತ ಜ್ಞಾನಿ ಯಾರು? ಆ ವಿದ್ಯೆಗೆ ಅವಳೇ ಗುರು. ಗೀತೆ ಪ್ರಶ್ನೆಯ ಆಚೆಗೊಂದು ಈಚೆಗೊಂದು ಕಾವಲು ಇಟ್ಟಿದೆ. ಮುಂದೆ ನಮಸ್ಕಾರ, ಹಿಂದೆ ಸೇವೆ. ನಮ್ಮ ಕಸುಬು ಕಾವಲೆರಡನ್ನೂ ತೆಗೆದು ನಡುವಿನ ಪ್ರಶ್ನೆಯೊಂದನ್ನೇ ಉಳಿಸಿಕೊಂಡಿದೆ.

ತಲೆಬಾಗುವುದೆಂದರೆ ಕಾಲಿಗೆ ಬೀಳುವುದಲ್ಲ; ಅವರ ಬದುಕಿನ ಲೆಕ್ಕ ಹೇಗೆ ನಡೆಯುತ್ತದೋ ಹಾಗೆಯೇ ಕೇಳುವುದು. ಅದು ಎಷ್ಟು ಕಷ್ಟವೆಂಬುದು ‘ತಿಂಗಳ ಆದಾಯ ಎಷ್ಟು?’ ಎಂಬ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ. ಎಲ್ಲ ಫಾರಂಗಳಲ್ಲೂ ಇರುವ, ಎಲ್ಲರೂ ಬಹಳ ಸರಳವೆಂದುಕೊಂಡಿರುವ ಪ್ರಶ್ನೆ ಇದು. ಕನಕಪುರ ಕಡೆಯ ಒಂದು ಹಳ್ಳಿಯಲ್ಲಿ ರೇಷ್ಮೆ ಹುಳ ಮೇಯಿಸುವ ಹೆಂಗಸೊಬ್ಬರು ನನಗೆ ಹೇಳಿದ್ದು: “ಏನ್ ತಿಂಗ್ಳು ಅಂತ ಹೇಳ್ಲಿ ಕಣವ್ವ, ಹುಳ ಕೈ ಹಿಡುದ್ರೆ ಬೆಳೆ, ಇಲ್ದಿದ್ರೆ ತಿಪ್ಪೆ.” ಅವರ ಕಾಲ ಓಡುವುದು ಕ್ಯಾಲೆಂಡರಿನ ಮೇಲಲ್ಲ. ನೂರು ಮೊಟ್ಟೆಯ ಚಾಕಿ, ಅಂದರೆ ಎಳೆಹುಳ, ತಂದು, ಪೊರೆ ಬಿಡುವ ನಾಲ್ಕು ಜ್ವರ ದಾಟಿಸಿ, ಹುಳ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಹೊತ್ತು ತಂದ ದಿನ ದುಡ್ಡು. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಯಲ್ಲಿ ಬೆಳಿಗ್ಗೆ ಲಾಟಿಗೆ ಬಿದ್ದ ಬೆಲೆಯೇ ಅವರ ಆದಾಯ. ನಡುವೆ ಸುಣ್ಣಕಟ್ಟು ರೋಗವೋ ಹಾಲು ರೋಗವೋ ಬಂತೆಂದರೆ ಸೊಪ್ಪು, ಆಳು, ನಿದ್ದೆಗೆಟ್ಟ ರಾತ್ರಿಗಳು ಎಲ್ಲ ಸೇರಿ ಸೊನ್ನೆ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಇಲ್ಲಿಯ ಗೂಡಿನ ಬೆಲೆ ಕುಸಿಯಿತು. ದೆಹಲಿಯಲ್ಲಿ ಓದಿದ ಒಂದು ಸಾಲಿನಿಂದ ಕನಕಪುರದ ಮನೆಯ ‘ತಿಂಗಳ ಆದಾಯ’ ಬದಲಾಗಿತ್ತು.

ಗೂಡು ಕೊಂಡ ರೀಲರ್‌ನ ಲೆಕ್ಕ ಇನ್ನೊಂದು. ಅವನಿಗೆ ದಿನವೂ ಕೈಯಲ್ಲಿ ದುಡ್ಡಿರಬೇಕು. ಇವತ್ತು ಗೂಡು ಕೊಂಡು ಬೇಯಿಸಿ ನೂಲು ತೆಗೆದು ಮಾರಿದರೆ ನಾಳೆಯ ಗೂಡು. ಒಂದು ದಿನ ನೂಲಿಗೆ ಬೆಲೆ ಬೀಳಲಿ, ಮರುದಿನ ಹರಾಜಿನ ಕಟ್ಟೆಯಲ್ಲಿ ಅವನು ಇಲ್ಲ. ಅವನ ಮನೆಯಲ್ಲಿ ಕೂಲಿಗೆ ನೂಲು ತೆಗೆಯುವ ಹೆಣ್ಣುಮಗಳಿಗೆ ಚರಕ ತಿರುಗಿದ ದಿನವಷ್ಟೇ ಕೂಲಿ. ಚನ್ನಪಟ್ಟಣದಲ್ಲಿ ಆಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚುವವರಿಗೆ ಗೊಂಬೆಯ ಲೆಕ್ಕದಲ್ಲಿ ಕಾಸು. ದಸರಾ ಹತ್ತಿರವಾದರೆ ಕೈತುಂಬ, ಆಷಾಢದಲ್ಲಿ ಖಾಲಿ. ನಮ್ಮ ಮಾಗಡಿಯಲ್ಲಿ ಡೇರಿಯ ಬಟವಾಡೆ ಹದಿನೈದು ದಿನಕ್ಕೊಮ್ಮೆ, ಮಾವು ವರ್ಷಕ್ಕೊಮ್ಮೆ. ರಾಗಿಯನ್ನು ಆದಾಯವೆಂದು ಯಾರೂ ಹೇಳುವುದೇ ಇಲ್ಲ, ಅದು ಮನೆಯ ಅನ್ನ. ಈ ಎಲ್ಲರ ಮುಂದೆ ಕೂತು ‘ತಿಂಗಳಿಗೆ ಎಷ್ಟು?’ ಎಂದರೆ ಅವರು ನಮ್ಮ ಮುಖ ನೋಡಿ, ನಮಗೆ ಒಂದು ಅಂಕಿ ಬೇಕಾಗಿದೆ ಎಂದು ಅರ್ಥ ಮಾಡಿಕೊಂಡು, ಕನಿಕರದಿಂದ ಒಂದು ಅಂಕಿ ಹೇಳುತ್ತಾರೆ. ಆ ಅಂಕಿಯ ಮೇಲೆ ಸಾಲದ ಯೋಜನೆಗಳು ಏಳುತ್ತವೆ. ಗೂಡಿನ ಮನೆಗೆ ವಾರದ ಕಂತು ಕಟ್ಟಿದ್ದು ಹೀಗೆ. ಬೆಳೆಗೊಮ್ಮೆ ಬರುವ ದುಡ್ಡಿಗೆ ಪ್ರತಿ ವಾರ ಬಾಗಿಲಿಗೆ ಬರುವ ಕಂತು ಹೊಂದುವುದಿಲ್ಲ; ನಡುವಿನ ವಾರಗಳ ಕಂತಿಗೆ ಬೇರೆ ಸಾಲ ಬೇಕಾಗುತ್ತದೆ.

ಮನೆಯ ‘ದರ್ಜೆ’ ಕಟ್ಟುವ ಬಗೆಯನ್ನೂ ಹೇಳಬೇಕು. 2011ರಲ್ಲಿ ಭಾರತದ ಮಾರುಕಟ್ಟೆ ಸಂಶೋಧಕರು ಹೊಸ ವರ್ಗೀಕರಣವೊಂದನ್ನು ತಂದರು. ಮನೆಯಲ್ಲಿ ಹೆಚ್ಚು ದುಡಿಯುವವರ ಓದು ಎಷ್ಟು, ಹನ್ನೊಂದು ವಸ್ತುಗಳ ಪಟ್ಟಿಯಲ್ಲಿ ಎಷ್ಟು ಅವರ ಹತ್ತಿರ ಇವೆ ಎಂದು ನೋಡಿ ಎ1ರಿಂದ ಇ3ರವರೆಗೆ ದರ್ಜೆ ಕೊಡುವುದು. ವಿದ್ಯುತ್ ಸಂಪರ್ಕ, ಫ್ಯಾನು, ಗ್ಯಾಸ್ ಒಲೆ, ದ್ವಿಚಕ್ರ ವಾಹನ, ಕಲರ್ ಟಿವಿ, ಫ್ರಿಜ್ಜು, ವಾಷಿಂಗ್ ಮಷಿನ್, ಕಂಪ್ಯೂಟರ್, ಕಾರು, ಏಸಿ, ವ್ಯವಸಾಯದ ಜಮೀನು. ದೇಶಕ್ಕೆಲ್ಲ ಒಂದೇ ಪಟ್ಟಿ ಬೇಕೆಂದರೆ ಹೀಗೆ ಏನಾದರೂ ಮಾಡಲೇಬೇಕು, ಇದನ್ನು ಮಾಡಿದವರನ್ನು ನಾನು ದೂರುವುದಿಲ್ಲ. ಆದರೆ ನೂಲು ತೆಗೆಯುವ ಚರಕ ಈ ಪಟ್ಟಿಯಲ್ಲಿಲ್ಲ, ಗೊಂಬೆ ಕಡೆಯುವ ಲೇತು ಇಲ್ಲ, ಹಸು ಇಲ್ಲ. ಜಮೀನೊಂದನ್ನು ಬಿಟ್ಟರೆ ದುಡಿಮೆಯ ಸಾಧನ ಎಣಿಕೆಗೆ ಬರಲಿಲ್ಲ, ಕೊಂಡ ಸಾಮಾನು ಬಂತು. ಕಾಯಕವನ್ನೇ ಮನುಷ್ಯನ ಗುರುತು ಮಾಡಿದ ಶರಣರ ನಾಡಿನಲ್ಲಿ ನಿಂತು ಈ ಪಟ್ಟಿ ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಂತಿನ ಮೇಲೆ ಫ್ರಿಜ್ಜು ತಂದ ಮನೆ ಒಂದು ದರ್ಜೆ ಮೇಲೇರುತ್ತದೆ. ಮೇಲೇರಿದ ಮನೆಯ ಬಾಗಿಲಿಗೆ ಇನ್ನೂ ದೊಡ್ಡ ಸಾಲ ಬರುತ್ತದೆ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆಲ್ಲ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇದು ನಮಗೆ ಬೇಕಾದದ್ದಕ್ಕಿಂತ ಹೆಚ್ಚು, ತಂದಲ್ಲೇ ಹಾಕಿ ಬನ್ನಿ ಎಂದು ತಿರುಗಿ ಕಳಿಸಿದವಳು ಅವಳು. ಈ ಕಥೆಯನ್ನು ಬಡತನದ ಹೊಗಳಿಕೆಯೆಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅಲ್ಲಿರುವುದು ಅಳತೆ. ತನಗೆ ಎಷ್ಟು ಬೇಕೆಂದು ಅವಳಿಗೆ ಗೊತ್ತಿತ್ತು, ಅದನ್ನು ಹೇಳುವ ಅಧಿಕಾರವೂ ಅವಳದಾಗಿತ್ತು. ಇವತ್ತಿನ ಸರ್ವೆಯಲ್ಲಿ ಎಷ್ಟು ಬೇಕೆಂದು ಕೇಳುವುದಕ್ಕೆ ಮೊದಲೇ ಮೂರು ಮೊತ್ತ ಬರೆದ ಕಾರ್ಡು ತೋರಿಸುತ್ತಾರೆ. ಮೂವತ್ತು ಸಾವಿರ, ಐವತ್ತು ಸಾವಿರ, ಎಂಬತ್ತು ಸಾವಿರ, ವಾರಕ್ಕೆ ಇಷ್ಟಿಷ್ಟು ಕಂತು, ಇವುಗಳಲ್ಲಿ ಯಾವುದು ಇಷ್ಟ? ಬಡ್ಡಿ ಒಟ್ಟು ಎಷ್ಟಾಗುತ್ತದೆ ಎಂಬುದು ಎಷ್ಟೋ ಕಾರ್ಡುಗಳಲ್ಲಿ ಇರುವುದಿಲ್ಲ. ಹಸಿದವರ ಮುಂದೆ ಮೂರು ತಟ್ಟೆ ಇಟ್ಟು ಯಾವುದು ಇಷ್ಟ ಎಂದರೆ ಬೇಡವೆನ್ನುವುದು ನಾಲ್ಕನೆಯ ಉತ್ತರವಾಗಿ ಅವರಿಗೆ ಹೊಳೆಯುವುದೇ ಇಲ್ಲ.

ಬೇಡವೆಂದವರ ಗತಿ ಏನು? ಮಹಾಭಾರತದಲ್ಲಿ ಯಕ್ಷ ಕೇಳುತ್ತಾನೆ, ಸುಖಿ ಯಾರು ಎಂದು. ಸಾಲವಿಲ್ಲದೆ, ಊರು ಬಿಟ್ಟು ಹೋಗುವ ಗತಿಗೇಡಿಲ್ಲದೆ, ಹೊತ್ತು ಮೀರಿಯಾದರೂ ತನ್ನ ಮನೆಯಲ್ಲಿ ಸೊಪ್ಪು ಬೇಯಿಸಿ ಉಣ್ಣುವವನು ಎನ್ನುತ್ತಾನೆ ಧರ್ಮರಾಯ. ಬುದ್ಧನೂ ತನ್ನ ಗೃಹಸ್ಥ ಭಕ್ತ ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳುವಾಗ ಸಾಲವಿಲ್ಲದಿರುವ ಸುಖವನ್ನು ಎಣಿಸಿದ್ದಾನೆ. ನಮ್ಮ ಫಾರಂನಲ್ಲಿ ‘ಖಂಡಿತ ಇಲ್ಲ’ ಎಂದವರಿಗೆ ಮುಂದಿನ ಪ್ರಶ್ನೆ ಕಾದಿರುತ್ತದೆ: ಯಾಕೆ ಬೇಡ? ಏನು ಬದಲಾಯಿಸಿದರೆ ತೆಗೆದುಕೊಳ್ಳುವಿರಿ? ಧರ್ಮರಾಯ ಸುಖಿಯೆಂದು ಕರೆದವನು ವರದಿಯಲ್ಲಿ ‘ಅಡೆತಡೆ’ ಎಂಬ ಅಧ್ಯಾಯದಲ್ಲಿ ಬರುತ್ತಾನೆ. ತಾತ್ವಿಕವಾಗಿ ನೋಡಿದರೆ ಇದು ಸಣ್ಣ ವಿಷಯವಲ್ಲ. ಒಂದು ನಾಗರಿಕತೆ ಸುಖವೆಂದು ತಿಳಿದದ್ದನ್ನು ಇನ್ನೊಂದು ದಾಟಬೇಕಾದ ತಡೆಯೆಂದು ಬರೆದುಕೊಳ್ಳುತ್ತಿದೆ.

ಹಾಗೆಂದು ಕೇಳುವುದೇ ತಪ್ಪು, ಸರ್ವೆಯೇ ಬೇಡ ಎನ್ನುವವರ ಜೊತೆ ನಾನಿಲ್ಲ. ಯಾರೂ ಕೇಳದಿದ್ದ ಕಾಲ ಹೇಗಿತ್ತೆಂದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ರಿಸರ್ವ್ ಬ್ಯಾಂಕ್ 1951–52ರಲ್ಲಿ ದೇಶದ 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ರೈತರ ಸಾಲದ ಸರ್ವೆ ಮಾಡಿಸಿತು. ಅದನ್ನು ನಡೆಸಿದ ಎ.ಡಿ. ಗೋರ್ವಾಲಾ ಸಮಿತಿಯ ವರದಿ 1954ರಲ್ಲಿ ಬಂತು. ಸರ್ಕಾರ, ಸಹಕಾರ ಸಂಘ, ಬ್ಯಾಂಕು ಮೂರೂ ಸೇರಿ ಕೊಡುತ್ತಿದ್ದದ್ದು ರೈತನ ಸಾಲದ ನೂರಕ್ಕೆ ಸುಮಾರು ಏಳು ಪಾಲು. ಉಳಿದದ್ದೆಲ್ಲ ಲೇವಾದೇವಿಯವರದು, ಮಂಡಿಯವರದು, ನೆಂಟರಿಷ್ಟರದು. ಆ ವರದಿಯ ಶಿಫಾರಸಿನ ಮೇಲೆ 1955ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಹುಟ್ಟಿತು, ಸಹಕಾರಿ ಸಾಲಕ್ಕೆ ಸರ್ಕಾರದ ಬಂಡವಾಳ ಬಂತು. ಕೇಳಿದ್ದಕ್ಕೆ ಪ್ರತಿಯಾಗಿ ಹಳ್ಳಿಗೆ ಏನೋ ಒಂದು ಮರಳಿತು. ಎಲ್ಲ ಆಸೆಯೂ ಈಡೇರಲಿಲ್ಲ, ಅದು ಬೇರೆ ಮಾತು. ಪ್ರಶ್ನೆಯ ಹಿಂದೆ ಸೇವೆ ಇರಬೇಕೆಂದು ಗೀತೆ ಹೇಳಿದ್ದಕ್ಕೆ ಇದು ನನಗೆ ಸಿಗುವ ಹತ್ತಿರದ ಉದಾಹರಣೆ.

ಪಕ್ಕದ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ 1954ರಿಂದ ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್ ಅವರನ್ನೂ ಇಲ್ಲಿ ನೆನೆಯಬೇಕು. ವಿಯೆನ್ನಾದಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು, ಇಂಗ್ಲೆಂಡಿನಲ್ಲಿ ಓದಿ ಬಂದ ಯೆಹೂದಿ ಹೆಣ್ಣುಮಗಳು. ಆ ಹಳ್ಳಿಗಳಿಗೆ ವಂಗಲ, ದಲೇನ ಎಂದು ಬೇರೆ ಹೆಸರಿಟ್ಟು ಬರೆದರು, ಹದಿನೈದು ವರ್ಷದ ನಂತರ ಅಲ್ಲಿಗೇ ಮರಳಿ ಬಂದರು. ಮುಂದೆ 1988ರಲ್ಲಿ ಅವರು, ಸ್ಥಳೀಯ ಸಂಸ್ಕೃತಿಗೆ ಹೊಂದಿಸಿ ಮಾರುಕಟ್ಟೆ ಸಂಶೋಧನೆ ಮಾಡುವುದು ಹೇಗೆ ಎಂಬ ಕೈಪಿಡಿಯನ್ನೇ ಬರೆದರು. ಸೋಪು ಮಾರುವವರು ಗಿರಾಕಿಯ ಮನಸ್ಸು ತಿಳಿಯಲು ಬಳಸುವ ಉಪಾಯವನ್ನು ಬಡವರ ಅಭಿವೃದ್ಧಿಗೆ ಯಾಕೆ ಬಳಸಬಾರದು ಎಂಬುದು ಅವರ ವಾದ. ನಾನು ಅದನ್ನು ಒಪ್ಪುತ್ತೇನೆ. ವಿಧಾನಕ್ಕೆ ಪಾಪ ಅಂಟುವುದಿಲ್ಲ. ಕೇಳಿದ ಮೇಲೆ ಏನು ಮಾಡಿದಿರಿ ಎಂಬುದಕ್ಕೆ ಅಂಟುತ್ತದೆ.

ನಮ್ಮ ರಾಮನಗರದಲ್ಲೇ ಇದರ ಎರಡು ಮುಖವೂ ಒಂದೇ ಕಾಲದಲ್ಲಿ ಕಂಡವು. 2008–09ರ ಹೊತ್ತಿಗೆ ರೀಲರ್‌ಗಳ ಮೊಹಲ್ಲಾಗಳಲ್ಲಿ ಹಲವು ಮೈಕ್ರೋಫೈನಾನ್ಸ್ ಸಂಸ್ಥೆಗಳು ಒಟ್ಟೊಟ್ಟಿಗೆ ಕೆಲಸ ಮಾಡುತ್ತಿದ್ದವು. ಗುಂಪಿನ ಹೆಂಗಸರು ಒಬ್ಬರಿಗೊಬ್ಬರು ಜಾಮೀನು, ವಾರಕ್ಕೊಮ್ಮೆ ಸೆಂಟರ್ ಮೀಟಿಂಗು, ಅಲ್ಲೇ ಕಂತು. ಒಂದೇ ಮನೆಗೆ ಎರಡು, ಮೂರು, ನಾಲ್ಕು ಸಂಘದ ದುಡ್ಡು ಬಂತು. ಪ್ರತಿ ಸಂಸ್ಥೆಗೂ ತನ್ನ ಕಂತು ಕಟ್ಟಬಲ್ಲಳೇ ಎಂಬುದಷ್ಟೇ ಬೇಕಿತ್ತು, ಮಿಕ್ಕ ಕಂತುಗಳ ಜೊತೆ ಸೇರಿ ಅವಳು ಉಸಿರಾಡಬಲ್ಲಳೇ ಎಂಬುದು ಯಾರ ಫಾರಂನಲ್ಲೂ ಇರಲಿಲ್ಲ. ಅದೇ ಕಾಲದಲ್ಲಿ ಬೆಂಗಳೂರಿನ ಐಐಎಂನ ರಾಜಲಕ್ಷ್ಮಿ ಕಾಮತ್ ಮತ್ತು ಅವರ ಸಂಗಡಿಗರು ಅದೇ ಊರಿನಲ್ಲಿ ಬೇರೆ ರೀತಿ ಕೇಳಿದರು. ಒಂದು ದಿನ ಬಂದು ‘ತಿಂಗಳಿಗೆ ಎಷ್ಟು’ ಎಂದು ಕೇಳಿ ಹೋಗಲಿಲ್ಲ. ದಿನದಿನದ ಒಳಬಂದ ದುಡ್ಡು, ಹೊರಹೋದ ದುಡ್ಡು ಬರೆದಿಡುವ ಡೈರಿಗಳನ್ನು ಸಾಲಗಾರ ಮನೆಗಳಲ್ಲಿ ನಡೆಸಿದರು. ಒಂದು ಕಡೆಯ ಕಂತು ಕಟ್ಟಲು ಇನ್ನೊಂದು ಕಡೆ ಸಾಲ ಎತ್ತುವುದು ಆ ಡೈರಿಗಳ ದಿನಚರಿಯಲ್ಲಿ ಕಾಣಿಸಿತು. ಸಾಲದ ವಸೂಲಿ ಚೆನ್ನಾಗಿದೆ ಎಂದರೆ ಮನೆ ಚೆನ್ನಾಗಿದೆ ಎಂದು ಅರ್ಥವಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

2009ರಲ್ಲಿ ಕಟ್ಟು ಹರಿಯಿತು. ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳಲ್ಲಿ ಮುಸ್ಲಿಂ ಜಮಾತಿನ ಹಿರಿಯರು, ಅಂಜುಮನ್ ಸಮಿತಿಗಳು ಇನ್ನು ಕಂತು ಕಟ್ಟಬೇಡಿ ಎಂದು ಹೆಂಗಸರಿಗೆ ಹೇಳಿದರು. ಆ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಕೂಡ ರಾಮನಗರದ ಕೊಳೆಗೇರಿಯ ಸಣ್ಣ ಸಾಲಗಳ ಮೇಲೆ ದೊಡ್ಡ ವರದಿ ಪ್ರಕಟಿಸಿತು. ಕಂತು ಕಟ್ಟಬೇಡಿ ಎಂಬ ಆ ಮಾತನ್ನು ಗಂಡಸರ ಹುನ್ನಾರವೆಂದವರಿದ್ದಾರೆ, ಹೆಂಗಸರು ಮನೆಯಿಂದಾಚೆ ಬಂದು ಮೀಟಿಂಗಿಗೆ ಹೋಗುವುದನ್ನು ತಡೆಯುವ ಉಪಾಯವೆಂದವರಿದ್ದಾರೆ, ಬಡ್ಡಿಯನ್ನು ನಿಷೇಧಿಸುವ ಧರ್ಮದ ಮಾತೆಂದವರೂ ಇದ್ದಾರೆ. ಮೂರರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದ್ದಿರಬಹುದು. ಕೊಟ್ಟ ಮಾತಿಗೆ ತಪ್ಪಿ ಎಂದು ಇಡೀ ಊರಿಗೇ ಹೇಳುವುದನ್ನು ನಾನು ಸುಲಭವಾಗಿ ಒಪ್ಪಲಾರೆ. ಸಾಲ ತೀರಿಸಲು ಕಷ್ಟಪಡುತ್ತಿರುವವನಿಗೆ ಕಾಲಾವಕಾಶ ಕೊಡಿ, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂದು ಕುರ್‌ಆನ್ ಹೇಳುವುದು ಕೊಟ್ಟವನಿಗೆ. ತೆಗೆದುಕೊಂಡವನಿಗೆ ಕಟ್ಟಬೇಡವೆಂದು ಅದು ಹೇಳುವುದಿಲ್ಲ.

ಆದರೆ ಅದರ ಬೆನ್ನಿಗೇ ಅಲ್-ಬಕರ ಅಧ್ಯಾಯದಲ್ಲಿ ಇನ್ನೊಂದು ವಚನ ಬರುತ್ತದೆ, ಇಡೀ ಕುರ್‌ಆನಿನಲ್ಲೇ ಅತಿ ಉದ್ದದ್ದು. ಅದರ ವಿಷಯ ಸಾಲದ ಬರವಣಿಗೆ. ಸಾಲವನ್ನು ಬರೆದಿಡಿ, ಬರೆಯುವವನು ನ್ಯಾಯವಾಗಿ ಬರೆಯಲಿ ಎಂದ ಮೇಲೆ ಅದು ಹೇಳುತ್ತದೆ: ಬರೆಸುವವನು ಸಾಲಗಾರನಾಗಿರಲಿ. ಅವನು ದುರ್ಬಲನಾಗಿದ್ದರೆ, ಹೇಳಲಾರದವನಾಗಿದ್ದರೆ, ಅವನ ಪರವಾಗಿ ಅವನ ಹಿತ ಕಾಯುವವನು ಹೇಳಿ ಬರೆಸಲಿ. ಈ ಮಾತನ್ನು ರಾಮನಗರದ ಒಬ್ಬ ಹಿರಿಯ ರೀಲರ್ ನನಗೆ ವಿವರಿಸಿ ಹೇಳಿದಾಗ ನಾನು ಬೆರಗಾದೆ. ದುಡ್ಡು ಕೊಡುವವನ ಕೈಯಲ್ಲಿ ಬಲ ಇದ್ದೇ ಇದೆ, ಆದ್ದರಿಂದ ಮಾತು ಇನ್ನೊಬ್ಬನ ಬಾಯಲ್ಲಿರಲಿ ಎಂಬ ಎಚ್ಚರ ಅದು. ಏಳನೆಯ ಶತಮಾನದ ಅರಬ್ಬೀ ವ್ಯಾಪಾರಿಗಳಿಗೆ ಹೇಳಿದ ಈ ಕ್ರಮವನ್ನು ಇವತ್ತಿನ ಟ್ಯಾಬಿನ ಎದುರು ಇಟ್ಟು ನೋಡಿ. ಪ್ರಶ್ನೆ ಸಾಲ ಕೊಡುವವರದು, ಉತ್ತರಗಳ ಪಟ್ಟಿ ಅವರದು, ಭಾಷೆ ಅವರದು, ಕೊನೆಯಲ್ಲಿ ಹೆಬ್ಬೆಟ್ಟು ಮಾತ್ರ ಇವಳದು.

ಕಾನೂನು ಆಮೇಲೆ ಬಹಳಷ್ಟು ಬಂತು, ಬೇಗ ಹೇಳಿ ಮುಗಿಸುತ್ತೇನೆ. 2010ರಲ್ಲಿ ಮೈಕ್ರೋಫೈನಾನ್ಸ್ ಸಂಸ್ಥೆಗಳ ಮೇಲೆ ಆಂಧ್ರದ ಸುಗ್ರೀವಾಜ್ಞೆ, ಮರುವರ್ಷ ರಿಸರ್ವ್ ಬ್ಯಾಂಕಿನ ಮಾಲೇಗಾಂ ಸಮಿತಿಯ ವರದಿ. 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ: ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಮನೆಗೆ ಅಡವಿಲ್ಲದೆ ಕೊಡುವುದು ಮೈಕ್ರೋಫೈನಾನ್ಸ್ ಸಾಲ, ಆ ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಒಳ್ಳೆಯ ನಿಯಮ, ಯಾಕೆಂದರೆ ‘ತಡೆಯಬಲ್ಲಳೇ’ ಎಂಬ ಪ್ರಶ್ನೆ ಕಡ್ಡಾಯವಾಯಿತು. ಆದರೆ ಆ ಅರ್ಧ ಯಾವುದರ ಅರ್ಧ? ಮತ್ತೆ ಅದೇ ತಿಂಗಳ ಆದಾಯ. ಮನೆಯೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು ಎನ್ನುತ್ತದೆ ನಿಯಮ. ಒಂದೇ ಒಲೆಯಲ್ಲಿ ಉಣ್ಣುವ ಅತ್ತೆ, ಮೈದುನ, ಮದುವೆಯಾದ ಮಗ ಅದರೊಳಗೆ ಬರುವುದಿಲ್ಲ. ಅವರ ಸಾಲಕ್ಕೂ ಇವಳೇ ಒಡವೆ ಬಿಚ್ಚಿಕೊಡುತ್ತಾಳೆ. ಆದಾಯದ ಅಂಕಿಯನ್ನು ಸಾಲದ ಮೊತ್ತಕ್ಕೆ ಸರಿಹೊಂದುವ ಹಾಗೆ ‘ಕೂರಿಸುವ’ ಕೆಲಸವೂ ಅಲ್ಲಲ್ಲಿ ನಡೆಯುತ್ತದೆಂದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತಿದೆ. 2025ರ ಆರಂಭದಲ್ಲಿ ರಾಜ್ಯದ ಹಲವು ಕಡೆಗಳಿಂದ, ನಮ್ಮ ಜಿಲ್ಲೆಯಿಂದಲೂ, ಸಾಲದ ಕಿರುಕುಳ ತಾಳದೆ ಸತ್ತವರ ಸುದ್ದಿ ಬಂತು. ಆ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು ವಿಧಿಸುವ ಸುಗ್ರೀವಾಜ್ಞೆ ತಂದಿತು. ವಸೂಲಿಯ ದಿನ ಆಗುವ ಅನ್ಯಾಯವನ್ನು ಪೊಲೀಸರು ಹಿಡಿದಾರು. ಕೇಳಿದ ದಿನ ಆದ ಅನ್ಯಾಯ ಯಾವ ಠಾಣೆಯಲ್ಲೂ ದಾಖಲಾಗುವುದಿಲ್ಲ.

ನನ್ನ ತೀರ್ಮಾನ ಹೀಗಿದೆ. ಒಬ್ಬರ ಕೊರತೆಯನ್ನು ಕೇಳುವುದು ಧರ್ಮವಾಗಬೇಕಾದರೆ, ಅವರ ಹೊರುವ ಶಕ್ತಿಯನ್ನೂ ಅಷ್ಟೇ ಶ್ರದ್ಧೆಯಿಂದ ಕೇಳಿರಬೇಕು. ಬೇಕೇ ಎಂದು ಕೇಳಿ ತಡೆಯಬಲ್ಲೆಯಾ ಎಂದು ಕೇಳದ ಸರ್ವೆ ಅಧರ್ಮ, ಅದು ಎಷ್ಟೇ ಶುದ್ಧ ಸ್ಯಾಂಪಲ್ ತೆಗೆದು ಮಾಡಿದ್ದಾಗಲಿ. ‘ಬೇಡ’ ಎಂಬ ಉತ್ತರವನ್ನು ಗೆಲ್ಲಬೇಕಾದ ತಡೆಯೆಂದು ನೋಡದೆ, ಒಂದು ಮನೆಯ ವಿವೇಕವೆಂದು ವರದಿಯಲ್ಲಿ ಬರೆಯಬೇಕು. ಸಿಕ್ಕ ಉತ್ತರ ಅದನ್ನು ಕೊಟ್ಟವರ ಬೀದಿಗೆ ಮರಳಬೇಕು: ನಿಮ್ಮೂರಿನಲ್ಲಿ ನಮಗೆ ತಿಳಿದದ್ದು ಇದು, ನೀವು ಕೊಟ್ಟ ಮಾತಿನಿಂದ ನಾವು ಮಾಡಿದ್ದು ಇದು ಎಂದು ಸಂಘದ ಸಭೆಯಲ್ಲೋ ಪಂಚಾಯಿತಿ ಕಟ್ಟೆಯಲ್ಲೋ ಕೂತು ಹೇಳಬೇಕು. ಗೂಡಿನ ಬೆಳೆಗೆ ಹೊಂದುವ ಕಂತು, ಬೆಳೆ ಹೋದಾಗ ಮುಂದೂಡುವ ಅವಕಾಶ, ಇಂಥದ್ದೇನಾದರೂ ಹುಟ್ಟಿದರೆ ಋಣ ತೀರಿತು. ಇಂಥದ್ದು ಆಗುವುದೇ ಇಲ್ಲ ಎನ್ನುವವರಿಗೆ ಹೇಳುವುದು ಇಷ್ಟೇ: 1928ರಲ್ಲಿ ಉಡುಪಿಯ ಬ್ಯಾಂಕೊಂದು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, ದಿನಕ್ಕೆ ಎರಡಾಣೆ ಉಳಿಸಬಲ್ಲವರ ಬಾಗಿಲಿಗೇ ಹೋಗಿ ಪಿಗ್ಮಿ ಠೇವಣಿ ಶುರು ಮಾಡಿತು. ನೇಕಾರರ, ಕೂಲಿಕಾರರ ದಿನದ ಲೆಕ್ಕ ಹೇಗಿದೆಯೆಂದು ಕಂಡು, ಬ್ಯಾಂಕಿನ ಲೆಕ್ಕವನ್ನು ಅದಕ್ಕೆ ಬಗ್ಗಿಸಿದರು. ಕನ್ನಡ ನೆಲದಲ್ಲೇ ಆದ ಕೆಲಸ.

ನನ್ನ ಜೊತೆ ಕೆಲಸ ಮಾಡುವ ಮಕ್ಕಳಿಗೆ ನಾನು ಹೇಳುತ್ತೇನೆ: ಯಾರು ಕಳಿಸಿದ್ದು, ಯಾಕೆ ಕಳಿಸಿದ್ದು ಎಂದು ಅವರು ಕೇಳುವ ಮೊದಲೇ ಹೇಳಿ. ಅಂಕಿ ಹೇಳಲು ತಡವರಿಸಿದರೆ ನೀವೇ ಒಂದು ತುಂಬಬೇಡಿ, ತಡವರಿಸಿದರು ಎಂದೇ ಬರೆಯಿರಿ.

ಓದುಗರಲ್ಲಿ, ಅದರಲ್ಲೂ ನಮ್ಮ ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳಲ್ಲಿ, ಒಂದು ಕೋರಿಕೆ. ಸಾಲದ ವಿಷಯ ಕೇಳಲು ಯಾರಾದರೂ ಬಾಗಿಲಿಗೆ ಬಂದರೆ ಮಜ್ಜಿಗೆ ಕೊಡಿ, ಆದರೆ ಉತ್ತರ ಕೊಡುವ ಮೊದಲು ನೀವೂ ಕೇಳಿ. ಈ ಮಾಹಿತಿ ಯಾರಿಗೆ ಹೋಗುತ್ತದೆ, ಯಾವುದಕ್ಕೆ ಬಳಸುತ್ತಾರೆ ಎಂದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ನಿಮ್ಮ ಒಪ್ಪಿಗೆ ಕೇಳುವಾಗ ಕೊಡುವ ಆ ತಿಳಿವಳಿಕೆಯ ಪತ್ರವನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಪಡೆಯುವ ಆಯ್ಕೆ ಕೊಟ್ಟಿದೆ. ಕನ್ನಡ ಅದರಲ್ಲಿದೆ. ಕನ್ನಡದಲ್ಲೇ ಕೊಡಿ ಎನ್ನಿ, ಓದಿಸಿಕೊಳ್ಳಿ, ಆಮೇಲೆ ಮನಸ್ಸು ಬಂದರೆ ಹೇಳಿ.